ಏಳನೆಯ ಕಂತಿನ ಬಾಗಿಲು

"ನಾಲ್ಕು ಗಂಟೆಗೆ ಬರ್ತಾನಂತೆ. ಬರಲಿ. ಬಾಗಿಲು ತೆಗೆಯೋನು ಯಾವನು?" ಎನ್ನುತ್ತ ತಪ್ಪಣ್ಣನವರು ಹಳೆಯ ಕ್ಯಾಸೆಟ್ಟನ್ನು ಯಂತ್ರದ ಬಾಯಿಗೆ ತುರುಕಿದರು.

ಬರುವವನು ಕ್ಯಾಪ್ಟನ್. ನಲವತ್ತು ವರ್ಷದ ಹಿಂದೆ ಟೀವಿಯ ಆಕಾಶನೌಕೆಯಲ್ಲಿ ಕೂತು ವಾರಕ್ಕೊಂದು ಗ್ರಹವನ್ನು ಕಾಪಾಡುತ್ತಿದ್ದ ನಟ. ತಪ್ಪಣ್ಣನವರ ಹೆಂಡತಿ ತೀರಿಕೊಂಡು ಹದಿನೆಂಟು ದಿನವಾಗಿತ್ತು. ಮನೆಯವರನ್ನು ಮಾತಾಡಿಸಿ ಹೋಗುತ್ತೇನೆಂದು ಅವನೇ ಫೋನು ಮಾಡಿದ್ದ.

"ಅಪ್ಪಾ, ಆತನಿಗೂ ಎಂಬತ್ತಾಯ್ತು," ಎಂದಳು ಮಗಳು.

"ಆದರೇನು? ಸೊಟ್ಟ ಮೂಗು ನೆಟ್ಟಗಾಯ್ತಾ?"

ತಪ್ಪಣ್ಣ ಎಂಬುದು ಅಚ್ಚುಕೂಟದವರು ಇಟ್ಟ ಹೆಸರು. ಕರಡು ತಿದ್ದುವುದರಲ್ಲೇ ಮೂವತ್ತೈದು ವರ್ಷ ಸವೆಸಿದ ಜೀವ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕೆಂಪು ಪೆನ್ನು ತೆಗೆಯುವರು, ಶುಭ ಕೋರುವುದು ಆಮೇಲೆ.

ಅಂಥವರು ಹೆಂಡತಿಯಲ್ಲಿ ಹಿಡಿದಿದ್ದ ದೊಡ್ಡ ತಪ್ಪು ಒಂದೇ. ಮದುವೆಗೆ ಮುಂಚೆ ಆಕೆ ಆ ಧಾರಾವಾಹಿಯ ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಸೂಜಿ ಚುಚ್ಚದಿರಲೆಂದು ನಡುಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿಗೆಯನ್ನು ಅಲ್ಲಿಂದಲೇ ತಂದಿದ್ದಳು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲು ಮರೆಯುವಳು. ಅದಿರಲಿ. ಈ ಏಳನೆಯ ಕಂತಿನ ಕ್ಯಾಸೆಟ್ಟನ್ನು ಕ್ಯಾಪ್ಟನ್ನೇ ಅಂಚೆಯಲ್ಲಿ ಕಳಿಸಿದ್ದ. ವರ್ಷಕ್ಕೊಮ್ಮೆ ಅದನ್ನು ಹಾಕಿ ನೋಡಲೇಬೇಕು. ಕ್ಯಾಪ್ಟನ್ ಓಡಿ ಬರುವ ಹೊತ್ತಿಗೆ ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುವಳು. ಕಿವಿ ಕೆಂಪಗಾಗುವುದು. ತಪ್ಪಣ್ಣನವರು ಪ್ರತಿಸಲವೂ ಆ ಕಿವಿಯನ್ನೇ ದುರುಗುಟ್ಟಿ ನೋಡುವರು.

ಸಾಲದ್ದಕ್ಕೆ, ವರ್ಷವರ್ಷವೂ ಒಂದೇ ತಾರೀಕಿಗೆ ಅವನಿಂದ ಒಂದು ಕಾರ್ಡು: ‘ಕನ್ನಡಿ ನೋಡಿದಾಗಲೆಲ್ಲ ನಿಮ್ಮ ನೆನಪಾಗುತ್ತದೆ.’ ತಪ್ಪಣ್ಣನವರು ಅದರಲ್ಲೊಂದು ಕಾಗುಣಿತದ ತಪ್ಪು ಹುಡುಕಿ, ಕೆಂಪು ಸುತ್ತು ಹಾಕಿ, ಹೆಂಡತಿಯ ಕೈಗೆ ಕೊಡುವರು.

ಒಮ್ಮೆ ಬಾಯಿಬಿಟ್ಟು ಕೇಳಿಯೂ ಇದ್ದರು. "ಏನು ನಡೀತು ಆ ಸ್ಟುಡಿಯೋದಲ್ಲಿ?"

"ನಿಮಗೆ ಹೇಳಿದರೆ ನಾನು ಸಾಯೋವರೆಗೂ ಬಿಡ್ತೀರೇನ್ರೀ?" ಎಂದಿದ್ದಳು. ಕ್ಯಾಪ್ಟನ್ನನ ಮೂಗಿನ ಸುದ್ದಿ ತೆಗೆದರಂತೂ ಎದ್ದೇ ಹೋಗುವಳು.

ಈ ಬೆಳಿಗ್ಗೆ ದೇವರ ಮುಂದೆ ಕೈಮುಗಿದು ನಿಂತಾಗ, ಅವಳಿಗೆ ಸದ್ಗತಿ ಬೇಡುವ ಬದಲು, "ಅವಳ ಮನಸ್ಸಿನಲ್ಲಿ ಇದ್ದವನು ಯಾರು, ಅದೊಂದು ತಿಳಿಸಪ್ಪ," ಎಂದು ಕೇಳಿಬಿಟ್ಟಿದ್ದರು. ಕೇಳಿದ ಮೇಲೆ ತಮಗೇ ನಾಚಿಕೆಯಾಗಿತ್ತು.

ಪರದೆಯ ಮೇಲೆ ಥರ್ಮಾಕೋಲಿನ ಉಲ್ಕೆಯೊಂದು ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಅದೇ ಉಲ್ಕೆ ಇನ್ನೊಮ್ಮೆ.

"ಪಾಪ, ಏನೋ ಮರೆತು ಬಂದಿರಬೇಕು," ಎಂದರು ತಪ್ಪಣ್ಣನವರು. "ಸಾವಿರ ವರ್ಷ ಮುಂದಿನ ನೌಕೆಯಂತೆ. ಗೋಡೆಗೆ ಒರಗಿದರೆ ಗೋಡೆಯೇ ಅಲ್ಲಾಡುತ್ತೆ. ತಪ್ಪಾದರೆ ಇನ್ನೊಂದ್ಸಲ ತೆಗೆಯೋಣ ಅನ್ನೋ ಪದ್ಧತಿಯೇ ಇಲ್ಲ ಈ ಜನಕ್ಕೆ!"

"ಅಪ್ಪಾ, ಫೋಟೋಗಳಲ್ಲೆಲ್ಲ ಸೊಟ್ಟಗಿರುತ್ತೆ, ಇದರಲ್ಲಿ ಆತನ ಮೂಗು ನೆಟ್ಟಗೇ ಇದೆಯಲ್ಲ?"

"ಮೇಕಪ್ಪು. ಮೂಗಿಗೂ ಒಂದು ತೇಪೆ ಹಾಕಿರ್ತಾರೆ."

ನೌಕೆಯಲ್ಲಿ ಅಪಾಯದ ಗಂಟೆ ಹೊಡೆಯಿತು. ಹೊಗೆ ಎದ್ದಿತು. ಹತ್ತಿರ ಹೋದರೆ ತಾನೇ ತೆರೆದುಕೊಳ್ಳುವ ಆ ಮಾಯದ ಬಾಗಿಲಿನ ಕಡೆಗೆ ಕ್ಯಾಪ್ಟನ್ ಎದೆಯುಬ್ಬಿಸಿಕೊಂಡು ಓಡಿ ಬಂದ.

ತಪ್ಪಣ್ಣನವರು ಅಭ್ಯಾಸದಂತೆ ಪಕ್ಕದ ಕುರ್ಚಿಯತ್ತ ತಿರುಗಿದರು.

ಕುರ್ಚಿ ಖಾಲಿ. ದುರುಗುಟ್ಟಲು ಕಿವಿಯಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಆ ಗಳಿಗೆಯಲ್ಲಿ ಪರದೆಯನ್ನು ನೋಡಿದರು.

ಬಾಗಿಲು ತೆರೆಯಲಿಲ್ಲ. ಕ್ಯಾಪ್ಟನ್ ನಿಲ್ಲಲಿಲ್ಲ. ಪ್ಲೈವುಡ್ಡು ಧಡ್ ಎಂದಿತು. ಆಮೇಲೆ ಬಾಗಿಲು ಗಡಿಬಿಡಿಯಿಂದ ಪಕ್ಕಕ್ಕೆ ಸರಿಯಿತು. ಕ್ಯಾಪ್ಟನ್ ಮೂಗಿಗೆ ಕೈ ಒತ್ತಿಕೊಂಡೇ ಒಳನುಗ್ಗಿ ಬ್ರಹ್ಮಾಂಡವನ್ನು ಉಳಿಸಿದ.

ತಪ್ಪಣ್ಣನವರು ಚಿತ್ರವನ್ನು ಹಿಂದಕ್ಕೆ ಓಡಿಸಿದರು. ಮತ್ತೆ ನೋಡಿದರು. ಕನ್ನಡಕ ಒರೆಸಿ ಹಾಕಿಕೊಂಡು, ಮೂರನೆಯ ಸಲಕ್ಕೆ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. ಅಚ್ಚಿನ ಯಾವ ಕರಡುಪ್ರತಿಗೂ ಅಷ್ಟು ಹತ್ತಿರ ಮುಖವಿಟ್ಟವರಲ್ಲ.

ಹೊರಗೆ ಕರೆಗಂಟೆ ಸದ್ದು ಮಾಡಿತು.

"ಬಂದ್ರು ಅನ್ಸುತ್ತೆ. ಏನಪ್ಪಾ ಮಾಡ್ಲಿ? ಮನೇಲಿಲ್ಲ ಅನ್ಲಾ?"

"ಬೇಡಮ್ಮ. ನಾನೇ ತೆಗೀತೀನಿ," ಎಂದು ತಪ್ಪಣ್ಣನವರು ಕಣ್ಣೊರೆಸಿಕೊಂಡು, ಎಡವುತ್ತ ಓಡಿದರು. "ಆ ಮನುಷ್ಯನಿಗೆ ಬಾಗಿಲು ತೆಗೆಯೋದು ತಡ ಮಾಡಬಾರದು!"

ಮಗಳು ಪರದೆಯತ್ತ ಬಗ್ಗಿದಳು: ಬಾಗಿಲಿನ ಅಂಚನ್ನು ಹಿಂದಿನಿಂದ ಹಿಡಿದು ಎಳೆಯುತ್ತಿದ್ದವು ನಾಲ್ಕು ಬೆರಳು, ನಡುಬೆರಳಿನ ಮೇಲೊಂದು ಹಿತ್ತಾಳೆಯ ಟೊಪ್ಪಿಗೆ.