ಬೆಳ್ಳಿ ಬಣ್ಣದ ಗಾಲಿ

"ನೀನು ಗಾಡಿ ಓಡಿಸೋ ದಿನ ನಾನು ಪಕ್ಕದಲ್ಲೇ ಕೂತಿರ್ತೀನಿ, ಆದ್ರೆ ತುಟಿ ಪಿಟಕ್ ಅನ್ನಲ್ಲ," ಎಂದು ಪೇಂಟರ್ ತನ್ನ ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣುವಷ್ಟು ಎತ್ತರವೂ ಇರಲಿಲ್ಲ. ಅವತ್ತು ಅವಳ ಅಣ್ಣನಿಗೆ ವ್ಯಾನ್ ಕಲಿಸಲು ಹೋಗಿ, ಕ್ಲಚ್ಚು, ಬ್ರೇಕು, ಕನ್ನಡಿ ಎಂದು ಕಿರುಚಿ ಕಿರುಚಿ ಅಪ್ಪನ ಗಂಟಲು ಕಟ್ಟಿತ್ತು. ಅಣ್ಣ ನಡುರಸ್ತೆಯಲ್ಲೇ ಇಳಿದು ಮನೆಗೆ ನಡೆದು ಬಂದವನು ಮತ್ತೆಂದೂ ಆ ಸೀಟಿನಲ್ಲಿ ಕೂರಲಿಲ್ಲ.

ಈಗ ಪೇಂಟರನ ಬಲಭುಜ ಮೇಲೇಳದು, ಗಾಡಿ ಓಡಿಸಲಾಗದು. ವ್ಯಾನ್ ಕೊಳ್ಳಲು ನಾಳೆ ಒಬ್ಬ ಬರುವವನಿದ್ದ. ವ್ಯಾನ್ ಹೋದರೆ ಏಣಿ, ಬಕೆಟ್ಟು, ಹಲಗೆಗಳನ್ನು ತಲೆಯ ಮೇಲೆ ಹೊತ್ತು ತಿರುಗಲಾಗುತ್ತದೆಯೇ? ಅಪ್ಪನ ಜೊತೆ ಬ್ರಷ್ ಹಿಡಿದೇ ದೊಡ್ಡವಳಾದ ಮಗಳು ಇನ್ನೊಬ್ಬರ ಕೈಕೆಳಗೆ ಕೂಲಿಗೆ ಹೋಗಬೇಕಾಗುತ್ತಿತ್ತು. "ಒಂದು ದಿನ ನನ್ನ ಕೈಗೆ ಕೊಟ್ಟು ನೋಡು. ಕೆಲಸ ಮುಗಿಸಿ, ಯಾರ ಕೈಕಾಲೂ ಹಿಡೀದೆ ವಾಪಸ್ ತಂದ್ರೆ ಮಾರಬಾರ್ದು," ಎಂದು ಅವಳು ಹಟ ಹಿಡಿದಿದ್ದಳು. ಅಪ್ಪ ಒಪ್ಪಿದ್ದ. ಹೊರಟು ಅರ್ಧ ದಾರಿ ಬರುವಷ್ಟರಲ್ಲಿ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು.

ಅವಳು ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟಳು. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ನಟ್ಟುಗಳನ್ನು ಸಡಿಲಿಸಿದಳು. ಜಾಕ್ ಏರಿಸಿ, ನಟ್ಟುಗಳನ್ನೆಲ್ಲ ಬಿಚ್ಚಿ ಡಬ್ಬದ ಮುಚ್ಚಳದಲ್ಲಿಟ್ಟಳು. ಎರಡೂ ಕೈಯಲ್ಲಿ ಗಾಲಿ ಹಿಡಿದು ಎಳೆದಳು. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಬಗ್ಗಿ ನೋಡಿದಳು. ಗಾಲಿಗೂ ಅದು ಕೂರುವ ಗುಂಬಕ್ಕೂ ನಡುವಿನ ಸಂದಿನಲ್ಲಿ ಬೆಳ್ಳಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಕೊಳ್ಳುವವನ ಕಣ್ಣಿಗೆ ಚೆಂದ ಕಾಣಲೆಂದು ಅಪ್ಪ ಹೋದ ವಾರ ಗಾಲಿಗಳನ್ನು ಬಿಚ್ಚಿಸಿ, ಒಳಗೂ ಹೊರಗೂ ಎಡಗೈಯಲ್ಲೇ ಬಣ್ಣ ಬಳಿದಿದ್ದ.

"ಅಪ್ಪಾ, ಇದನ್ನ ಒಣಗೋಕೆ ಬಿಟ್ಟಿದ್ದೆಯಾ?"

ಅಪ್ಪ ಮೈಲಿಗಲ್ಲಿನ ಮೇಲೆ ಕೂತು ಆಕಾಶ ನೋಡಿದ. 'ಒಣಗೋ ತನಕ ಯಾರೂ ಮುಟ್ಟಬೇಡಿ' ಎಂದು ಊರಿನ ಗೋಡೆಗಳನ್ನೆಲ್ಲ ಕಾದ ಮನುಷ್ಯನಿಗೆ ತನ್ನ ಗಾಲಿಯ ಮುಂದೆ ಮಾತ್ರ ತಾಳ್ಮೆ ಇರಲಿಲ್ಲ.

"ಮಾತಾಡಲ್ಲ ಅಂತ ಮಾತು ಕೊಟ್ಟಿದ್ದು ಒಳ್ಳೇದೇ ಆಯ್ತು ನಿಂಗೆ."

ಅವಳು ಹಲಗೆಯ ತುಂಡು ಅಡ್ಡ ಹಿಡಿದು ಸುತ್ತಿಗೆಯಿಂದ ಬಡಿದಳು. ವ್ಯಾನ್ ಜಾಕಿನ ಮೇಲೆ ಓಲಾಡಿತು. ಕೂಡಲೇ ಸುತ್ತಿಗೆ ಕೆಳಗಿಟ್ಟು, ಬದಲಿ ಗಾಲಿಯನ್ನು ಉರುಳಿಸಿ ತಂದು ವ್ಯಾನಿನ ಹೊಟ್ಟೆಯಡಿ ಮಲಗಿಸಿದಳು. ಜಾಕ್ ಕೈಕೊಟ್ಟರೂ ವ್ಯಾನ್ ಅದರ ಮೇಲೆ ಕೂರುತ್ತದೆ. ಎದ್ದು ನಿಂತು ಬಾಯಿ ತೆರೆದಿದ್ದ ಅಪ್ಪ ಬಾಯಿ ಮುಚ್ಚಿಕೊಂಡು ಮತ್ತೆ ಕಲ್ಲಿನ ಮೇಲೆ ಕೂತ.

ಸ್ಕೂಟರಿನವನೊಬ್ಬ ನಿಲ್ಲಿಸಿದ. "ಏನಮ್ಮಾ, ಬರ್ತಾ ಇಲ್ವಾ? ನಾನು ಕೆಳಗೆ ನುಗ್ಗಿ ಒಳಗಿಂದ ಒಂದು ಒದೀಲಾ?"

"ಬೇಡಿ ಅಣ್ಣಾ. ಗಾಡಿ ಜಾಕಿನ ಮೇಲಿದೆ. ನಿಮ್ಮ ಮನೆಯವರಿಗೆ ನಾನು ಉತ್ತರ ಕೊಡೋಕಾಗಲ್ಲ."

"ಯಜಮಾನ್ರೇ, ನೀವಾದ್ರೂ ಬುದ್ಧಿ ಹೇಳ್ಬಾರ್ದಾ?"

ಪೇಂಟರ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

"ಪಾಪ, ಮಾತು ಬರಲ್ವಾ?"

"ಬರುತ್ತೆ, ಮೂರು ಜನಕ್ಕಾಗೋವಷ್ಟು," ಎಂದಳು ಮಗಳು. "ಇವತ್ತು ರಜ."

ಸ್ಕೂಟರಿನವನು ಹೋಗಲಿಲ್ಲ. ಈ ಹುಡುಗಿ ಕೊನೆಗೆ ಕರೆದೇ ಕರೆಯುತ್ತಾಳೆ ಎಂಬ ಹಾಗೆ ಕೈಕಟ್ಟಿ ನಿಂತ. ಅವಳು ಹಿಂದೆ ಸರಿದು, ಗೋಡೆಯ ಬಿರುಕು ನೋಡುವ ಹಾಗೆ ಗಾಲಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಿಚ್ಚಿದ ನಟ್ಟುಗಳನ್ನು ಒಂದೊಂದಾಗಿ ವಾಪಸ್ ಹಾಕತೊಡಗಿದಳು.

"ಸೋತ್ರಾ?" ಎಂದ ಸ್ಕೂಟರಿನವನು.

ಅವಳು ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಒಂದಿಷ್ಟು ಸಡಿಲ ಬಿಟ್ಟಳು. ಕೆಳಗಿದ್ದ ಗಾಲಿ ಹೊರಗೆಳೆದು, ಜಾಕ್ ಇಳಿಸಿ, ಕಲ್ಲು ತೆಗೆದು ಸೀಟಿಗೆ ಹತ್ತಿದಳು. ವ್ಯಾನ್ ಒಂದು ಗೇಣು ಮುಂದೆ ಹೋಯಿತು, ಗಕ್ಕನೆ ನಿಂತಿತು. ಒಂದು ಗೇಣು ಹಿಂದೆ ಬಂತು, ಮತ್ತೆ ಗಕ್ಕನೆ ನಿಂತಿತು. ಇನ್ನೊಮ್ಮೆ ಮುಂದೆ. ಟಪ್ ಎಂದು ಒಣ ಕೊಂಬೆ ಮುರಿದಂಥ ಸದ್ದಾಯಿತು. ಅವಳ ತೋಳಿಗೆ ಬಗ್ಗದ್ದು ವ್ಯಾನಿನ ಭಾರಕ್ಕೇ ಬಗ್ಗಿತ್ತು. ಮತ್ತೆ ಕಲ್ಲು ಕೊಟ್ಟು, ಜಾಕ್ ಏರಿಸಿ ಎಳೆದಾಗ ಗಾಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಗೋಡೆ ಕೆರೆಯುವ ಪಟ್ಟಿಯಿಂದ ಅವಳು ಗುಂಬದ ಮೇಲಿನ ಬೆಳ್ಳಿ ಬಣ್ಣವನ್ನೆಲ್ಲ ಕೆರೆದು, ಒರೆಸಿ, ಬದಲಿ ಗಾಲಿ ಕೂರಿಸಿದಳು. ಸ್ಕೂಟರಿನವನು ಕಿಕ್ ಹೊಡೆದು ಹೊರಟುಹೋದ.

ಅವರ ಮನೆಯಲ್ಲಿ ಯಾರೇ ನಟ್ಟು ಬಿಗಿದರೂ ಕೊನೆಯ ತಿರುವು ಅಪ್ಪನದೇ ಆಗಬೇಕು. ನಲ್ಲಿಗೂ ಅದೇ, ಉಪ್ಪಿನಕಾಯಿ ಭರಣಿಗೂ ಅದೇ. ಜಾಕ್ ಇಳಿಸಿ, ನಟ್ಟುಗಳನ್ನು ಬಿಗಿದು ಮಗಳು ಸ್ಪ್ಯಾನರನ್ನು ಅವನತ್ತ ಚಾಚಿದಳು. ಅವನು ಎಡಗೈಯಲ್ಲಿ ಅದನ್ನು ತೆಗೆದುಕೊಂಡು, ಗಾಲಿಯ ಕಡೆಗೆ ತಿರುಗಿಯೂ ನೋಡದೆ, ಪೆಟ್ಟಿಗೆಯೊಳಗಿಟ್ಟ.

ಮೊದಲು ಸಿಕ್ಕ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದರು. ಕೆಲಸದ ಮನೆಯಲ್ಲಿ ಅವಳು ಛಾವಣಿ ಮುಗಿಸಿದಳು, ಅವನು ಕಿಟಕಿ ಮುಗಿಸಿದ. ಸಂಜೆ ಮನೆಯ ತಿರುವಿಗೆ ಬರುವಾಗ ಅವನ ಫೋನ್ ಬಡಿದುಕೊಂಡಿತು.

"ವ್ಯಾನ್ ಕೊಳ್ಳೋನೇ ಇರ್ಬೇಕು," ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ. "ನಿಲ್ಲಿಸ್ಲಾ?"

ಅಪ್ಪ ಬೇಡವೆಂದು ಕೈಯಾಡಿಸಿ ಫೋನ್ ಕಿವಿಗಿಟ್ಟುಕೊಂಡ.

"ಬರೋದು ಬೇಡಪ್ಪಾ. ಗಾಡಿ ಕೊಡಲ್ಲ. ಓಡಿಸೋರು ಮನೇಲೇ ಇದ್ದಾರೆ."

ಅಷ್ಟು ವರ್ಷದ ಹಿಂದೆ ಕೊಟ್ಟು, ಇಡೀ ದಿನ ಹಲ್ಲು ಕಚ್ಚಿ ಕಾಪಾಡಿದ್ದ ಮಾತು, ಚಲಿಸುವ ವ್ಯಾನಿನಲ್ಲಿ, ಅವಳ ಪಕ್ಕದ ಸೀಟಿನಲ್ಲೇ ಮುರಿಯಿತು.