ಜಾಕೆಟ್ ತೊಟ್ಟ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಒಬ್ಬ ಮೀನು ಹಿಡಿಯಲು ಬಂದ. ಬಂಡೆಗೆ ಅಂಟಿದ ಚಿಪ್ಪು ಕೀಳುತ್ತ ಕೂತಿದ್ದ ನನ್ನನ್ನು ದಾಟಿ ನೀರಿನಂಚಿಗೆ ಇಳಿದ. ಕೈಯಲ್ಲಿ ಗಾಳದ ಕೋಲು, ಕಾಲಲ್ಲಿ ಜಾರುವ ಚಪ್ಪಲಿ, ಹೆಗಲಲ್ಲಿ ಹೊಸ ಐಸ್ ಪೆಟ್ಟಿಗೆ. ಲೈಫ್ ಜಾಕೆಟ್ಟೂ ಇತ್ತು. ಅದನ್ನು ಪೆಟ್ಟಿಗೆಗೆ ತೊಡಿಸಿ, ಮಗುವಿಗೆ ಸ್ವೆಟರ್ ಹಾಕಿದ ಹಾಗೆ ಪಟ್ಟಿ ಬಿಗಿದು, ಪಕ್ಕದಲ್ಲಿ ಇಟ್ಟುಕೊಂಡ.

"ಜಾಕೆಟ್ ನೀವು ಹಾಕ್ಕೊಳ್ಳಿ ಮಾರಾಯ್ರೆ, ಪೆಟ್ಟಿಗೆಗೆ ಯಾಕೆ?" ಎಂದೆ.

"ನನಗೆ ಈಜು ಬರುತ್ತೆ. ಪೆಟ್ಟಿಗೆಗೆ ಬರುತ್ತಾ? ಫಾರಿನ್ ಮಾಲು ಇದು."

"ನೀವು ನಿಂತ ಬಂಡೆ ಒದ್ದೆ ಉಂಟು. ಅಲೆ ಅಲ್ಲಿವರೆಗೆ ಬರ್ತದೆ. ಮೇಲೆ ಒಣ ಬಂಡೆಗೆ ಬನ್ನಿ."

"ಅಜ್ಜಿ, ನೀವು ಚಿಪ್ಪು ಕೀಳಿ. ಮೀನು ಹಿಡಿಯೋದನ್ನ ನಾನು ಕ್ಲಬ್ಬಲ್ಲಿ ಕಲ್ತಿದೀನಿ."

ಕ್ಲಬ್ಬಂತೆ! ಸಮುದ್ರವೂ ಅದೇ ಕ್ಲಬ್ಬಿಗೆ ಹೋಗಿ ಕಲಿತು ಬಂದಿತ್ತೇನೋ.

"ಆಯ್ತು. ಸಮುದ್ರಕ್ಕೆ ಬೆನ್ನು ಹಾಕಿ ಮಾತ್ರ ನಿಲ್ಲಬೇಡಿ."

"ನಿಂತರೆ ಏನಾಗುತ್ತೆ?" ಎಂದವನು ನನ್ನ ಮುಖ ನೋಡಿ ನಗಲೆಂದೇ ಪೂರ್ತಿ ಈ ಕಡೆ ತಿರುಗಿದ.

ಅಲೆ ಬಂದು ಹೋಯಿತು. ಬಂಡೆಯ ಮೇಲೆ ಅವನೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ನನ್ನ ಕೂಗು ಕೇಳಿ ಬಂದ ದೋಣಿಯವರು ಕತ್ತಲಾಗುವವರೆಗೆ ಹುಡುಕಿದರು. ಅವನು ಸಿಗಲಿಲ್ಲ.

ಪೆಟ್ಟಿಗೆ ಮಧ್ಯಾಹ್ನವೇ ತಾನಾಗಿ ದಡಕ್ಕೆ ತೇಲಿ ಬಂದಿತ್ತು. ಒಳಗಿನ ಐಸ್ ಕೂಡ ಕರಗಿರಲಿಲ್ಲ.