ಸೋತವರ ಫೋಟೋ

“ಲೇ ಸಮಾಧಾನ, ಆ ಸೋತವ್ರ ಫೋಟೋ ಮೊದಲ ಇಳಸೋ ಮಾರಾಯಾ!”

ಅಥಣಿ ಸೀಮೆಯ ಅನಂತಪುರದ ಪ್ರೌಢಶಾಲೆಯ ಆಟದ ಕೋಣೆಯಿಂದ ಬಂದ ಈ ಮಾತು ನಿವೃತ್ತ ದೈಹಿಕ ಶಿಕ್ಷಕ ಮುರಗೆಪ್ಪ ಮಾಸ್ತರರನ್ನು ಹೊಸ್ತಿಲಲ್ಲೇ ನಿಲ್ಲಿಸಿತು. ೨೦೧೦ರ ಜುಲೈ ತಿಂಗಳ ಸೋಮವಾರ ಅದು. ಹಿಂದಿನ ರಾತ್ರಿ ವಿಶ್ವಕಪ್ ಫುಟ್ಬಾಲಿನ ಫೈನಲ್‌ನಲ್ಲಿ ಹಾಲೆಂಡ್ ಸ್ಪೇನಿಗೆ ಸೋತಿತ್ತು. ಎಪ್ಪತ್ನಾಲ್ಕರಲ್ಲಿ ಒಮ್ಮೆ, ಎಪ್ಪತ್ತೆಂಟರಲ್ಲಿ ಒಮ್ಮೆ, ಈಗ ಮೂರನೆಯ ಸಲ. ಜಗತ್ತಿಗೇ ಹೊಸ ಬಗೆಯ ಆಟ ಕಲಿಸಿದ ತಂಡಕ್ಕೆ ಕಪ್ ಮಾತ್ರ ಒಲಿಯಲಿಲ್ಲ. ಮಾಸ್ತರರು ರಾತ್ರಿಯ ಸಂಕಟವನ್ನು ನುಂಗಿಕೊಂಡೇ ಬಂದಿದ್ದರು; ಗೋಡೆಯ ಮೇಲಿನ ಆ ತಂಡದ ಫೋಟೋಕ್ಕೂ ಕುತ್ತು ಬಂದೀತೆಂದು ಎಣಿಸಿರಲಿಲ್ಲ.

ಒಳಗೆ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ, ದ್ರಾಕ್ಷಿ ತೋಟದ ಒಡೆಯ ಬಾಳಾಸಾಬ ಇಸ್ತ್ರಿ ಮುರಿಯದ ಬಿಳಿ ಬಟ್ಟೆಯಲ್ಲಿ ಕುಳಿತಿದ್ದ. ಅಥಣಿ ಬಸ್ ಡಿಪೋದಲ್ಲಿ ಗುಮಾಸ್ತನಾಗಿರುವ ಸಮಾಧಾನ ಸ್ಟೂಲಿನ ಮೇಲೆ ನಿಂತು ಫೋಟೋದ ಒಂದು ಮೊಳೆ ಕಿತ್ತಿದ್ದ. ಇಪ್ಪತ್ತೈದು ವರ್ಷಗಳ ಹಿಂದೆ ಇಬ್ಬರೂ ಮಾಸ್ತರರ ತಂಡದಲ್ಲಿ ಒಟ್ಟಿಗೆ ಆಡಿದವರು.

“ಬರ್ರಿ ಸರ್, ಕುಂದರ್ರಿ,” ಎಂದ ಬಾಳಾಸಾಬ. “ನೋಡ್ರಿ, ನಿಮ್ಮ ಹಾಲೆಂಡನವ್ರು ಪಕ್ಷಾಂತರ ಮಾಡ್ಯಾರ. ಕೇಸರಿ ಬಿಟ್ಟು ಸ್ಪೇನಿನ ಕೆಂಪಿಗೆ ಹೋಗ್ಯಾರ!”

ಮಾಸ್ತರರಿಗೂ ನಗು ತಡೆಯಲಾಗಲಿಲ್ಲ. ಮೀರಜ ಸ್ಟೇಷನ್ನಿನಲ್ಲಿ ಕೊಂಡ ಮರಾಠಿ ವಾರಪತ್ರಿಕೆಯಿಂದ ಕತ್ತರಿಸಿದ ಕಪ್ಪು-ಬಿಳುಪು ಚಿತ್ರವದು. ಅಂಗಿಗಳ ಬಣ್ಣ ಕಿತ್ತಳೆಯೆಂದು ಓದಿ ತಿಳಿದಿದ್ದ ಅವರು, ಕೆಂಪು ಶಾಯಿಗೆ ಮಂಗಸೂಳಿ ಮಲ್ಲಯ್ಯನ ಗುಡಿಯ ಭಂಡಾರದ ಅರಿಸಿನವನ್ನೇ ಕಲಸಿ ತಮ್ಮ ಕೈಯಾರೆ ಬಳಿದಿದ್ದರು. ಕಿಟಕಿಯ ಬಿಸಿಲು ವರ್ಷ ವರ್ಷವೂ ಅರಿಸಿನವನ್ನು ತಿಂದು, ಕೆಂಪನ್ನಷ್ಟೇ ಉಳಿಸಿತ್ತು.

ಆ ಚಿತ್ರದಿಂದ ಅವರು ಹುಡುಗರಿಗೆ ಕಲಿಸಿದ್ದು ಒಂದೇ ಪಾಠ: ಹಿಂದಿನವನು ಮುಂದೆ ಬರಬೇಕು, ಮುಂದಿನವನು ಹಿಂದೆ ಹೋಗಬೇಕು. ಹತ್ತು ನಿಮಿಷಕ್ಕೊಮ್ಮೆ ಎರಡು ಚಪ್ಪಾಳೆ ತಟ್ಟಿ “ಬದಲ್!” ಎಂದು ಕೂಗಿದರೆ ಮೈದಾನವೆಲ್ಲ ಅದಲುಬದಲಾಗುತ್ತಿತ್ತು. ಗೋಲು ಕಾಯುವವನು ಹೊರಬಂದು ಬಾವಿಯಿಂದ ಚರಿಗೆಯ ತುಂಬ ನೀರು ತರಬೇಕು. ಆ ಒಂದೇ ಚರಿಗೆಯಿಂದ ಎಲ್ಲರೂ ಕುಡಿಯಬೇಕು. ಒಂದು ದಿನ ಬಾಳಾಸಾಬನ ತಂದೆ ರಾಜಾರಾಮರು ಮೈದಾನಕ್ಕೇ ಬಂದು, “ನನ್ನ ಮಗಾ ಊರ ಮಂದಿಗೆಲ್ಲಾ ನೀರ ಹೊರಬೇಕೇನ್ರಿ ಮಾಸ್ತರ?” ಎಂದು ಗುಡುಗಿದ್ದರು. “ಈ ಆಟದಾಗ ಯಾರ ಜಾಗಾನೂ ಕಾಯಂ ಅಲ್ರಿ, ಸಾಹುಕಾರ,” ಎಂದಿದ್ದರು ಮಾಸ್ತರರು. ಅವರ ತಂಡವೂ ಅಥಣಿಯ ಕ್ರೀಡಾಕೂಟದಲ್ಲಿ ಒಮ್ಮೆಯೂ ಕಪ್ ಎತ್ತಲಿಲ್ಲ. ಆದರೆ ಸುಣ್ಣದ ಗೆರೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿರುವಾಗ ಬಾಳಾಸಾಬ ಚರಿಗೆ ಎತ್ತಿ ಸಮಾಧಾನನ ಬೊಗಸೆಗೆ ನೀರು ಸುರಿಯುತ್ತಿದ್ದ ನೋಟವನ್ನು ಅವರು ಯಾವ ಕಪ್ಪಿಗೂ ಬಿಟ್ಟುಕೊಡುತ್ತಿರಲಿಲ್ಲ.

“ದಿನಾ ಸೋತವ್ರ ಮಾರಿ ನೋಡಿದ್ರ ಹುಡುಗೂರು ಸೋಲೂದ ಕಲೀತಾವ್ರಿ ಸರ್,” ಬಾಳಾಸಾಬ ಮುಂದುವರಿಸಿದ. “ಗೆದ್ದವ್ರ ದೊಡ್ಡ ಫೋಟೋಕ್ಕ ನಿಪ್ಪಾಣಿಯೊಳಗ ಹೇಳೇನಿ. ಲೇ ಸಮಾಧಾನ, ಆಮ್ಯಾಲ ಇಳಸೀಯಂತ. ಮೊದಲ ಸರ್‌ಗೆ ನೀರ ತಾ.”

ಸಮಾಧಾನ ಸ್ಟೂಲಿನಿಂದ ಇಳಿದು ಖಾಲಿ ಚರಿಗೆ ಎತ್ತಿಕೊಂಡ. ಒಂದೇ ಮೊಳೆಗೆ ನೇತುಬಿದ್ದ ಫೋಟೋ ಓರೆಯಾಯಿತು. ಮಾಸ್ತರರು ಕುಳಿತುಕೊಳ್ಳಲಿಲ್ಲ.

“ಬಾಳಾಸಾಬ, ಸಮಾಧಾನ ಈ ಸಮಿತಿಯೊಳಗ ಏನದಾನ?”

“ಮೆಂಬರ್ ಅದಾನ್ರಿ.”

“ಸಭಾದಾಗ ಎಲ್ಲಿ ಕುಂದರ್ತಾನ?”

ಬಾಳಾಸಾಬ ತಬ್ಬಿಬ್ಬಾದ. “ಅಂವಾ ನಮ್ಮಂವನ ಅದಾನಲ್ರಿ, ನಿಂತ್ರ ಏನಾತು? ಎಂದೂ ಬ್ಯಾಸರ ಮಾಡ್ಕೊಂಡಿಲ್ಲ. ಬೇಕಾರ ಕೇಳ್ರಿ ಅವನ್ನ.”

“ಇರ್ಲಿ ಬಿಡ್ರಿ ಸರ್,” ಎಂದ ಸಮಾಧಾನ, ಚರಿಗೆಯನ್ನೇ ನೋಡುತ್ತ. “ರೂಢಿ ಆಗೇತಿ.”

ಆ ಎರಡು ಮಾತು ಮಾಸ್ತರರ ಎದೆಗೆ ಕೊಟ್ಟ ಪೆಟ್ಟನ್ನು ರಾತ್ರಿಯ ಸೋಲು ಕೊಟ್ಟಿರಲಿಲ್ಲ. ಮೂವತ್ತು ವರ್ಷ ಸೀಟಿ ಊದಿ ಕಲಿಸಿದ್ದು ಆ ಫೋಟೋದ ಅರಿಸಿನದಂತೆ ಸದ್ದಿಲ್ಲದೆ ಹಾರಿಹೋಯಿತೆ? ಫೋಟೋ ಇಳಿಸುವುದಾದರೆ ಇಳಿಸಲಿ. ಅದು ಹೇಳಿದ ನ್ಯಾಯವನ್ನೂ ಇಳಿಸಿ ಮೂಲೆಗೆ ಎಸೆಯಬೇಕೆ? ಏನು ಮಾಡುತ್ತಿರುವೆನೆಂದು ತಮಗೇ ತಿಳಿಯುವ ಮೊದಲೇ ಅವರ ಕೈಗಳು ಎರಡು ಸಲ ಚಪ್ಪಾಳೆ ತಟ್ಟಿದವು.

“ಬದಲ್!”

ಬಾಳಾಸಾಬ ದಿಗ್ಗನೆ ಎದ್ದು ನಿಂತ. ಸಮಾಧಾನನ ಕೈ ತಾನಾಗಿ ಚರಿಗೆಯನ್ನು ಮುಂದೆ ಚಾಚಿತು. ಬಾಳಾಸಾಬನ ಕೈ ತಾನಾಗಿ ಅದನ್ನು ಹಿಡಿಯಿತು. ಆಮೇಲಷ್ಟೇ ಇಬ್ಬರಿಗೂ ಎಚ್ಚರವಾಗಿ, ಶಾಲೆಯ ಚರಿಗೆಯನ್ನೂ ನಡುವಿನ ಖಾಲಿ ಕುರ್ಚಿಯನ್ನೂ ನೋಡುತ್ತ ನಿಂತರು. ಗೋಡೆಯ ಮೇಲೆ ಹನ್ನೊಂದು ಜನ ಓರೆಯಾಗಿ ನಿಂತು ಕಾಯುತ್ತಿದ್ದರು.

“ಕುಂದ್ರೋ ಸಮಾಧಾನ,” ಎಂದರು ಮಾಸ್ತರರು, ಕೈಗಡಿಯಾರ ನೋಡಿಕೊಳ್ಳುತ್ತ. “ಬಾಳಾಸಾಬ, ಲಗೂನ ಹೋಗಿ ನೀರ ತಗೊಂಡ ಬಾ. ಮುಂದಿನ ಪಾಳಿ ನಂದೈತಿ.”